ಎಣ್ಣೆ ಚೆಲ್ಲುವ ವಿಮಾನ, ಸುತ್ತು ಹೊಡೆಯುವ ವಿಮಾನ

ಕಾರವಾರ ಹತ್ತಿರದ ತೋಡೂರಿನಲ್ಲಿ ನೆಂಟರ ಮನೆಯಂಗಳದಲ್ಲಿ ಕೂತಿದ್ದೆವು. ಮೇಲೆ ವಿಮಾನವೊಂದು ಬಿಳಿ ಗೆರೆ ಎಳೆಯುತ್ತಾ ಹೋಯಿತು. "ಅದು ಎಣ್ಣೆ ಚೆಲ್ಲುವುದಲ್ವಾ?" ಎಂದರು ಮನೆಯ ಉಮ್ಮ. ಅವರ ಮಗ ದುಬೈಯಲ್ಲಿದ್ದಾನೆ, ಊರಿಗೆ ಬಂದು ಹೋಗುವುದು ಬಜ್ಪೆಯಿಂದ. ಆ ಗೆರೆ ಎಣ್ಣೆಯಲ್ಲ. ಇಂಜಿನಿನಿಂದ ಹೊರಬಂದ ನೀರಾವಿ ಮೇಲಿನ ಚಳಿಗೆ ಹೆಪ್ಪುಗಟ್ಟಿದ್ದು, ಅಷ್ಟೆ. ಆದರೆ ವಿಮಾನ ಎಣ್ಣೆ ಚೆಲ್ಲುತ್ತದೆ ಎಂಬುದೂ ಸುಳ್ಳಲ್ಲ.

ಏರುವಾಗ ಹೊತ್ತಷ್ಟು ಭಾರವನ್ನು ಹೊತ್ತು ವಿಮಾನ ಸಾಮಾನ್ಯವಾಗಿ ಇಳಿಯುವಂತಿಲ್ಲ. ದೊಡ್ಡ ಬೋಯಿಂಗ್ 777-300ಇಆರ್ ಸುಮಾರು 351 ಟನ್ ತೂಕದೊಂದಿಗೆ ಏರಬಹುದು, ಇಳಿಯಲು ಮಿತಿ 251 ಟನ್. ದೂರದ ಪ್ರಯಾಣದಲ್ಲಿ ನಡುವಿನ ಎಣ್ಣೆ ದಾರಿಯಲ್ಲೇ ಉರಿದುಹೋಗುತ್ತದೆ. ಏರಿದ ಕೂಡಲೇ ಹಿಂದಿರುಗಬೇಕಾಗಿ ಬಂದರೆ? ಅಷ್ಟು ಭಾರಕ್ಕೆ ಚಕ್ರ, ಬ್ರೇಕು ತಾಳಬೇಕು, ರನ್‌ವೇಯೂ ಸಾಲಬೇಕು. ಆಗ ರೆಕ್ಕೆಯ ಕೊಳವೆಯಿಂದ ಎಣ್ಣೆ ಹೊರಬಿಡುತ್ತಾರೆ. ಅದು ನಮ್ಮ ಚಿಮಿಣಿ ಎಣ್ಣೆಯ ಜಾತಿಯದೇ. ಸಾಕಷ್ಟು ಎತ್ತರದಲ್ಲಿ ಬಿಟ್ಟರೆ ಬಹುಪಾಲು ಆವಿಯಾಗಿ ಹೋಗುತ್ತದೆ. 2020ರ ಜನವರಿ 14ರಂದು ಅಮೆರಿಕದ ಲಾಸ್ ಏಂಜಲೀಸ್ ಬಳಿ ಡೆಲ್ಟಾ ವಿಮಾನವೊಂದು ತಗ್ಗಿನಲ್ಲಿ ಚೆಲ್ಲಿ, ಶಾಲೆಯ ಮಕ್ಕಳ ಮೈಮೇಲೆ ಬಿದ್ದು ಚರ್ಮ ಉರಿದಿತ್ತು.

ಉಮ್ಮನ ಮಗ ಹೋಗುವ ವಿಮಾನದ ಕಥೆ ಬೇರೆ. ಬಜ್ಪೆಯಿಂದ ಗಲ್ಫಿಗೆ ಹೆಚ್ಚಾಗಿ ಹಾರುವುದು ಬೋಯಿಂಗ್ 737ನಂಥ ಸಣ್ಣ ವಿಮಾನಗಳು. ಇವುಗಳಲ್ಲಿ ಎಣ್ಣೆ ಚೆಲ್ಲುವ ವ್ಯವಸ್ಥೆಯೇ ಇಲ್ಲ. ಭಾರ ಇಳಿಸಬೇಕಾದರೆ ಸುತ್ತು ಹೊಡೆದು ಉರಿಸುವುದೊಂದೇ ದಾರಿ. 2024ರ ಅಕ್ಟೋಬರ್ 11ರಂದು ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಹೈಡ್ರಾಲಿಕ್ ತೊಂದರೆ ಕಂಡಿತು. ಸುಮಾರು ಎರಡೂವರೆ ತಾಸು ಆಕಾಶದಲ್ಲೇ ಸುತ್ತಿ, ಎಣ್ಣೆ ಖರ್ಚಾದ ಮೇಲೆ ಇಳಿಯಿತು. 141 ಪ್ರಯಾಣಿಕರೂ ಕ್ಷೇಮ, ಅಲ್‌ಹಮ್ದುಲಿಲ್ಲಾಹ್. ಅಷ್ಟು ಹೊತ್ತೂ ಟಿವಿ, ಮೊಬೈಲ್ ನೋಡುತ್ತಾ ಕೂತವರ ಎದೆ ಮಾತ್ರ ಸುತ್ತುತ್ತಲೇ ಇತ್ತು.

ನಮ್ಮವರಿಗೆ ಈ ಭಯ ಹೊಸತಲ್ಲ. 2010ರ ಮೇ 22ರಂದು ಬಜ್ಪೆಯಲ್ಲಿ 158 ಜೀವ ಹೋದದ್ದು ಎಷ್ಟೋ ಮನೆಗಳಲ್ಲಿ ಇನ್ನೂ ಮಾಸಿಲ್ಲ. ಅದರ ಕಾರಣ ಬೇರೆ, ವಿಮಾನ ರನ್‌ವೇಯಲ್ಲಿ ತುಂಬಾ ಮುಂದಕ್ಕೆ ಹೋಗಿ ನೆಲ ಮುಟ್ಟಿತ್ತು. ಗುಡ್ಡದ ಮೇಲಿನ ಆ ರನ್‌ವೇಗೆ ಹಗುರವಾಗಿ ಬರುವುದೇ ಒಳ್ಳೆಯದು. ಹಾಗಾಗಿ ಹಿಂದಿರುಗಿದ ವಿಮಾನ ಸುತ್ತು ಹೊಡೆದರೆ, ಹೆಚ್ಚಾಗಿ ಪೈಲಟ್‌ಗೆ ಕಾಯಲು ಸಮಯವಿದೆ ಎಂದೇ ಅರ್ಥ. ಒಳಗೆ ಬೆಂಕಿಯೇ ಕಂಡರೆ ಅವರು ಕಾಯುವುದಿಲ್ಲ. ಭಾರವಿದ್ದರೂ ಇಳಿಸುತ್ತಾರೆ, ವಿಮಾನದ ತಪಾಸಣೆ ಆಮೇಲೆ.