ಹಸಿರು ಮಾಳಿಗೆ

ನಮ್ಮ ಸೀಮೆಯ ಹಳೆಯ ಮಾಳಿಗೆಮನೆಗಳಲ್ಲಿ ತೊಲೆ-ಜಂತೆಗಳ ಮೇಲೆ ಹಾಸಿದ ಮಣ್ಣು ಬೇಸಗೆಯ ತಾಪವನ್ನು ತಡೆಯುತ್ತಿದ್ದಿತು. ಮಳೆಗಾಲದಲ್ಲಿ ಅದರ ಮೇಲೆ ಹುಲ್ಲೂ ಚಿಗುರುತ್ತಿದ್ದಿತು. ವಿನೋಬನಗರದ ಇಂದಿನ ಕಾಂಕ್ರೀಟು ಚಾವಣಿಗಳಿಗೆ ಆ ತಂಪಿಲ್ಲ. ಅದನ್ನು ಮರಳಿ ಪಡೆಯುವ ಬಗೆಯನ್ನು ಕಡಲತೀರದ ಸಸ್ಯಗಳಿಂದ ಕಲಿಯಬಹುದು. ಮರಳಿನಲ್ಲಿ ಹಬ್ಬುವ ಅಡುಂಬುಬಳ್ಳಿಯು ಬಿಸಿಲು, ಗಾಳಿ, ನಿಸ್ಸಾರವಾದ ನೆಲ ಈ ಮೂರನ್ನೂ ಸಹಿಸುತ್ತದೆ. ಚಾವಣಿಯ ಸ್ಥಿತಿಯೂ ಇಂತಹುದೇ. ಆದರೆ ಅದರ ತಾಯಿಬೇರು ಆಳಕ್ಕಿಳಿಯತಕ್ಕದ್ದು. ಕರಾವಳಿಯಲ್ಲೂ ನಮ್ಮ ಹೊಲಗಳಲ್ಲೂ ಬೆಳೆಯುವ, ಎಲೆಯಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುವ ಗೋಣಿಸೊಪ್ಪು ತೆಳುಮಣ್ಣಿಗೆ ಹೆಚ್ಚು ಯೋಗ್ಯವಾದುದು.

ಹತ್ತು ಸೆಂಟಿಮೀಟರು ದಪ್ಪದ ಮಣ್ಣು ನೆನೆದಾಗ ಚದರ ಮೀಟರಿಗೆ ಸುಮಾರು 160ರಿಂದ 200 ಕಿಲೋಗ್ರಾಂ ಭಾರವಾಗುತ್ತದೆ. ಆದುದರಿಂದ ಮೊದಲು ಇಂಜಿನಿಯರರ ಪರೀಕ್ಷೆ, ಬಳಿಕ ನೀರಿಳಿಯದ ಲೇಪ, ಬೇರುತಡೆ, ನೀರು ಬಸಿಯುವ ಜಲ್ಲಿ, ಕೊನೆಗೆ ಮಣ್ಣು. ಈ ಕ್ರಮವು ತಪ್ಪಲಾಗದು. ಶಾಲೆಗೆ ಹಸಿರನ್ನು ಬಯಸುವ ದಾನಿಗಳು ಸಸಿಗಳಿಗಿಂತ ಮೊದಲು ಈ ಪರೀಕ್ಷೆಗೆ ನೆರವಾಗಲಿ. ಚಾವಣಿಯ ಕೆಳಗೆ ಕುಳಿತವರು ನಮ್ಮ ಮಕ್ಕಳು.