ಏರಿಕೆ ಆಚಾರದಿಂದ

ಧನ್ವಾಡದಂತಹ ಗಡಿಯೂರುಗಳಲ್ಲಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನೆಡುವ ಹಿರಿಯರಿಗೆ ಕುಂಡಲಿನಿಯೆಂಬ ಮಾತು ಹೊಸತಲ್ಲ. ವೀರಶೈವ ಶಾಸ್ತ್ರವು ಆಧಾರಚಕ್ರದಲ್ಲಿ ಆಚಾರಲಿಂಗವನ್ನೂ ಆಜ್ಞಾಚಕ್ರದಲ್ಲಿ ಮಹಾಲಿಂಗವನ್ನೂ ನೆಲೆಗೊಳಿಸಿದೆ. ಏರಿಕೆ ಆಚಾರದಿಂದಲೇ ಮೊದಲಾಗುವುದನ್ನು ವಾಚಕರು ಗಮನಿಸಬೇಕು. ನಡತೆ ಕೆಟ್ಟವನು ಉಸಿರು ಕಟ್ಟಿ ಫಲವೇನು?

ಸ್ವಾತ್ಮಾರಾಮನ ‘ಹಠಯೋಗ ಪ್ರದೀಪಿಕೆ’ಯೂ ನಾಡೀಶುದ್ಧಿಯನ್ನು 2ನೆಯ ಉಪದೇಶದಲ್ಲಿ ಹೇಳಿ, ಕುಂಡಲಿನಿಯನ್ನು 3ನೆಯದಕ್ಕೆ ಇರಿಸಿದೆ. ನೇತಿ, ಧೌತಿ ಮೊದಲಾದ ಷಟ್ಕರ್ಮಗಳು ಎಲ್ಲರಿಗಲ್ಲ. ಮೇದಸ್ಸು, ಶ್ಲೇಷ್ಮ ಹೆಚ್ಚಿದವರಿಗೆ. ಮೂಗು ತೆರವಾದರೆ ಉಸಿರು ನಿಧಾನವಾಗುತ್ತದೆ. ಉಸಿರಿನೊಡನೆ ಮನಸ್ಸಿನ ತಳಮಳವೂ ತಗ್ಗುತ್ತದೆ. ಶುದ್ಧಿಯೆಂದರೆ ಇಷ್ಟೇ, ಇದೇನು ಕಡಮೆಯೆ!

ಆದರೆ ಪುಸ್ತಕ ನೋಡಿ ಕುಂಭಕ ಹಿಡಿಯುವ ಆತುರ ಬೇಡ. ರಕ್ತದೊತ್ತಡವುಳ್ಳವರಿಗೂ ಗರ್ಭಿಣಿಯರಿಗೂ ಅದು ಸಲ್ಲದು. ನಾಲ್ಕೇ ದಿನಗಳಲ್ಲಿ ಬೆನ್ನೆಲುಬಿನಲ್ಲಿ ಮಿಂಚು ಕಾಣಬಯಸುವ ತರುಣರು ಮೊದಲು ರಾತ್ರಿಯ ಊಟದಲ್ಲಿ ಒಂದು ರೊಟ್ಟಿ ಕಡಮೆ ಮಾಡಿ ನೋಡಲಿ.