ಅಡಿ-ಪೌಂಡು, ಕುದುರೆ-ಗಂಟೆ, ಯೂನಿಟ್ಟು



ಹೋದ ಬೇಸಗೆಯಲ್ಲಿ ಯಜಮಾನರೊಬ್ಬರು ನನ್ನ ಕಚೇರಿಗೆ ಬಂದರು. ಮುಖ ಸಪ್ಪಗಿತ್ತು. "ಸ್ವಾಮೀ, ನಾನು ಮೋಸ ಹೋದೆ. ಐದು ಎಚ್.ಪಿ. ಮೋಟಾರು ಅಂತ ದುಡ್ಡು ಎಣಿಸಿಕೊಟ್ಟೆ. ಮನೆಗೆ ತಂದು ನೋಡಿದರೆ ತಗಡಿನ ಮೇಲೆ 3.7 ಅಂತ ಬರೆದಿದೆ" ಎಂದರು. ತಗಡಿನಲ್ಲಿ 3.7ರ ಪಕ್ಕದಲ್ಲೇ ಕಿಲೋವ್ಯಾಟ್ ಎಂದೂ ಇತ್ತು. ಮೋಸವೇನೂ ಆಗಿರಲಿಲ್ಲ. ಐದು ಎಚ್.ಪಿ.ಯನ್ನೇ ಬೇರೆ ಅಳತೆಯಲ್ಲಿ ಬರೆದಿದ್ದರು, ಅಷ್ಟೆ. ಅವರ ಗಾಬರಿಗೂ ಕಾರಣವಿತ್ತು ಅನ್ನಿ. ಹಳೆಯ ಎಂಜಿನ್ನಿನ ಕಾಗದದಲ್ಲಿ ಒಂದು ಅಳತೆ, ಹೊಸ ಮೋಟಾರಿನಲ್ಲಿ ಇನ್ನೊಂದು, ಮೀಟರಿನಲ್ಲಿ ಮತ್ತೊಂದು. ಇವುಗಳ ಒಳಸಂಬಂಧ ತಿಳಿದರೆ ನಮ್ಮ ಬಾವಿಗೆ ಎಂಥ ಮೋಟಾರು ಬೇಕೆಂಬುದನ್ನು ನಾವೇ ಲೆಕ್ಕ ಹಾಕಬಹುದು.

ಎಲ್ಲಕ್ಕೂ ಹಳೆಯದಾದ ಅಡಿ-ಪೌಂಡಿನಿಂದ ಆರಂಭಿಸೋಣ. ಒಂದು ಪೌಂಡು ತೂಕವನ್ನು ಒಂದು ಅಡಿ ಮೇಲಕ್ಕೆತ್ತಿದರೆ ಆಗುವ ಕೆಲಸವೇ ಒಂದು ಅಡಿ-ಪೌಂಡು. ಕಪಿಲೆ ಹೊಡೆಯುತ್ತಿದ್ದುದನ್ನು ತಾವು ಕಂಡಿರಬಹುದು, ಇಲ್ಲವೇ ಹಿರಿಯರಿಂದ ಕೇಳಿರಬಹುದು. ತೊಗಲ ಚೀಲದಲ್ಲಿ 30 ಗ್ಯಾಲನ್ ನೀರು, ಬಾವಿ 30 ಅಡಿ ಎಂದಿಟ್ಟುಕೊಳ್ಳಿ. ಒಂದು ಗ್ಯಾಲನ್ ನೀರಿನ ತೂಕ 10 ಪೌಂಡು. ಅಲ್ಲಿಗೆ 300 ಪೌಂಡು, 30 ಅಡಿ. ಗುಣಿಸಿದರೆ ಎತ್ತುಗಳು ಒಂದು ಸಲ ಇಳಿಜಾರಿನಲ್ಲಿ ಎಳೆದದ್ದು 9,000 ಅಡಿ-ಪೌಂಡು.

ಇನ್ನು ಕುದುರೆಯ ವಿಚಾರ. 1780ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ ಎಂಬಾತ ಉಗಿಯಂತ್ರ ಮಾರುತ್ತಿದ್ದ. ಕೊಳ್ಳುವವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ನನ್ನ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆ? ನಮ್ಮ ಗಾಣದ ಎತ್ತಿನಂತೆ ಅಲ್ಲಿ ಕುದುರೆಗಳು ಸುತ್ತು ತಿರುಗಿ ಗಿರಣಿ ನಡೆಸುತ್ತಿದ್ದುವು. ವಾಟ್ ಲೆಕ್ಕ ಹಾಕಿ, ಒಂದು ಕುದುರೆ ಒಂದು ನಿಮಿಷಕ್ಕೆ 33,000 ಅಡಿ-ಪೌಂಡು ಕೆಲಸ ಮಾಡುತ್ತದೆಂದು ಗೊತ್ತುಮಾಡಿದ. ನಮ್ಮ ಕಪಿಲೆ ನಿಮಿಷಕ್ಕೆ ಒಂದು ಎಳೆತ ಎಂದರೆ, ಜೋಡಿ ಎತ್ತು ಸೇರಿದರೂ ಕಾಲು ಕುದುರೆಗಿಂತ ತುಸು ಹೆಚ್ಚು, ಅಷ್ಟೆ! ಎತ್ತುಗಳನ್ನು ಹಳಿಯಬೇಡಿ. ಎಳೆದ ಮೇಲೆ ಹಿಂದಕ್ಕೆ ನಡೆದು ಬರುವ ಹೊತ್ತೂ ಆ ನಿಮಿಷದಲ್ಲೇ ಸೇರಿದೆ. ವಾಟ್ ಹಿಡಿದ ಕುದುರೆಯೂ ಸಾಮಾನ್ಯದ್ದಲ್ಲ. ಇಡೀ ದಿನ ಅಷ್ಟು ದುಡಿಯುವ ಕುದುರೆ ಸಿಕ್ಕುವುದು ಕಷ್ಟ.

ಇಲ್ಲಿ ಒಂದು ಮಾತು ಗಮನದಲ್ಲಿರಲಿ. ಎಚ್.ಪಿ. ಎನ್ನುವುದು ಆಳು ಇದ್ದ ಹಾಗೆ, ಕೆಲಸವಲ್ಲ. ಕೆಲಸವನ್ನು ನಾವು ಇಷ್ಟು ಆಳು, ಇಷ್ಟು ದಿನ ಎಂದು ಎಣಿಸುವುದಿಲ್ಲವೇ? ಹಾಗೆಯೇ ಒಂದು ಎಚ್.ಪಿ. ಒಂದು ಗಂಟೆ ದುಡಿದರೆ ಅದು ಒಂದು ಕುದುರೆ-ಗಂಟೆ. 33,000ವನ್ನು 60ರಿಂದ ಗುಣಿಸಿ: 19,80,000 ಅಡಿ-ಪೌಂಡು. ಕಿಲೋವ್ಯಾಟ್ ಕೂಡ ಆಳೇ. ಒಂದು ಕಿಲೋವ್ಯಾಟ್ ಒಂದು ಗಂಟೆ ದುಡಿದದ್ದು ನಮ್ಮ ಮೀಟರಿನ ಒಂದು ಯೂನಿಟ್ಟು. ಒಂದು ಎಚ್.ಪಿ. ಎಂದರೆ 0.746 ಕಿಲೋವ್ಯಾಟ್. ಐದರಿಂದ ಗುಣಿಸಿದರೆ 3.73. ಯಜಮಾನರ ತಗಡಿನಲ್ಲಿದ್ದದ್ದು ಇದೇ. ತಿರುಗಿಸಿ ಲೆಕ್ಕ ಹಾಕಿದರೆ ಒಂದು ಯೂನಿಟ್ಟು 1.34 ಕುದುರೆ-ಗಂಟೆ, ಅಂದರೆ ಸುಮಾರು 26 ಲಕ್ಷ 55 ಸಾವಿರ ಅಡಿ-ಪೌಂಡು. ನಮ್ಮ ಕಪಿಲೆ ಗಂಟೆಗೆ 5,40,000 ಎತ್ತುತ್ತದೆ. ಐದು ಗಂಟೆಗೆ 27 ಲಕ್ಷ. ಜೋಡಿ ಎತ್ತು ಬೆಳಗಿನಿಂದ ಮಧ್ಯಾಹ್ನದವರೆಗೆ ನೊರೆ ಸುರಿಸಿ ಮಾಡಿದ ಕೆಲಸ ಮೀಟರಿನಲ್ಲಿ ಒಂದೇ ಒಂದು ಯೂನಿಟ್ಟು, ನೋಡಿ.

(ಇನ್ನೊಂದು ಕುದುರೆಯೂ ಉಂಟು. ಯೂರೋಪಿನ ಕೆಲವು ದೇಶಗಳ ಯಂತ್ರಗಳಲ್ಲಿ ಬರುವ ಮೆಟ್ರಿಕ್ ಕುದುರೆ 0.7355 ಕಿಲೋವ್ಯಾಟ್. ನೂರಕ್ಕೆ ಒಂದೂವರೆಯಷ್ಟು ಕಡಿಮೆ. ನಮ್ಮ ಲೆಕ್ಕಕ್ಕೆ ಅದೇನೂ ಬಾಧಕವಲ್ಲ.)

1956ರ ಕಾಯಿದೆಯಿಂದ ನಮ್ಮ ದೇಶಕ್ಕೆ ಮೆಟ್ರಿಕ್ ಅಳತೆ ಬಂದಿತು. ಅದರಲ್ಲಿ ಲೆಕ್ಕ ಇನ್ನೂ ಹಗುರ. ಒಂದು ಕಿಲೋವನ್ನು ಒಂದು ಮೀಟರು ಎತ್ತಿದರೆ ಒಂದು ಕಿಲೋ-ಮೀಟರು ಎನ್ನುವಂತಿಲ್ಲ, ಅದು ರಸ್ತೆಯ ಮಾತಾಗಿಬಿಡುತ್ತದೆ; ಕಿಲೋಗ್ರಾಂ-ಮೀಟರು ಎನ್ನಬೇಕು. ಇದು 7.23 ಅಡಿ-ಪೌಂಡಿಗೆ ಸಮ. ಒಂದು ಯೂನಿಟ್ಟಿಗೆ ಇಂಥವು 3,67,000. ಒಂದು ಲೀಟರು ನೀರು ಒಂದು ಕಿಲೋ ತೂಗುವುದರಿಂದ, ಲೀಟರನ್ನು ಮೀಟರಿನಿಂದ ಗುಣಿಸಿ 3,67,000ದಿಂದ ಭಾಗಿಸಿದರೆ ಬೇಕಾದ ಯೂನಿಟ್ಟು ಬರುತ್ತದೆ.

ಬರುತ್ತದೆ, ಆದರೆ ಕಾಗದದ ಮೇಲೆ. ಮೋಟಾರು ಬಿಸಿಯಾಗುತ್ತದೆ, ಪಂಪಿನೊಳಗೆ ನೀರು ಸುತ್ತುತ್ತದೆ, ಕೊಳವೆ ಉಜ್ಜುತ್ತದೆ. ಮೋಟಾರು ಕೊಟ್ಟ ಶಕ್ತಿಯಲ್ಲಿ ಅರ್ಧ ನೀರಿಗೆ ಸಂದಿತೆಂದು ಹಿಡಿಯುವುದು ಕ್ಷೇಮ. ಕರೆಂಟಿಗೆ ದುಡ್ಡಿಲ್ಲದಿರುವಾಗ ಈ ಲೆಕ್ಕವೇಕೆ ಎಂದು ಕೇಳುವವರಿದ್ದಾರೆ. ಕರೆಂಟು ಬರುವುದೇ ಕೆಲವು ಗಂಟೆ. ಅಷ್ಟರೊಳಗೆ ಎಷ್ಟು ನೀರು ಬಂದೀತು ಎಂಬುದರ ಮೇಲಲ್ಲವೇ ಬೆಳೆ ನಿಂತಿರುವುದು?

ಯಜಮಾನರ ಕೊಳವೆಬಾವಿಯಲ್ಲಿ ಪಂಪು ಓಡುವಾಗ ನೀರು ನಿಲ್ಲುವ ಮಟ್ಟ ಸುಮಾರು 120 ಮೀಟರು. ಎತ್ತರ ಎಣಿಸಬೇಕಾದದ್ದು ಆ ಮಟ್ಟದಿಂದ ನೀರು ಬೀಳುವ ತೊಟ್ಟಿಯವರೆಗೆ. ಪಂಪು ಇಳಿಸಿದ ಆಳದಿಂದಲ್ಲ. ಕಚೇರಿಯಲ್ಲೇ ಕಾಗದ ಹಿಡಿದು ಕೂತೆವು. ಐದು ಎಚ್.ಪಿ. ಗಂಟೆಗೆ 3.73 ಯೂನಿಟ್ಟು, ಅದರರ್ಧ 1.86. ಇದನ್ನು 3,67,000ದಿಂದ ಗುಣಿಸಿ 120ರಿಂದ ಭಾಗಿಸಿದರೆ ಗಂಟೆಗೆ ಸುಮಾರು 5,700 ಲೀಟರು. ಏಳು ಗಂಟೆ ಕರೆಂಟಿದ್ದರೆ 40,000 ಲೀಟರು. ಇದನ್ನು ಒಂದು ಎಕರೆಗೆ ಹರಡಿದರೆ ಒಂದು ಸೆಂಟಿಮೀಟರು ನೀರು, ಬೆರಳ ಅಗಲವೂ ಇಲ್ಲ.

ಯಜಮಾನರು ಕಾಗದವನ್ನು ಎರಡು ಸಲ ತಿರುವಿ ನೋಡಿದರು. "ಮೂರೆಕರೆಗೂ ಭತ್ತ ಹಾಕೋಣ ಅಂತಿದ್ದೆನಲ್ಲ ಸ್ವಾಮೀ" ಎಂದರು. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟುಕೊಂಡು, ರಾಗಿ ಬೀಜ ಯಾವಾಗ ಬರುತ್ತದೆಂದು ಕೇಳಿದರು.